ವಿಝರ್ಡ್‌ನ ನಿದ್ದೆ, ಫೈಟರ್‌ನ ಕಾಫಿ

ಜುಲೈ ತಿಂಗಳ ಒಂದು ಭಾನುವಾರ. ಮಡಿಕೇರಿಯಲ್ಲಿ ಮೂರು ದಿನದಿಂದ ಬಿಡದೆ ಮಳೆ. ಬೆಳಿಗ್ಗೆಯೇ ಕರೆಂಟ್ ಹೋಗಿತ್ತು. ನಮ್ಮ ಮನೆಯ ಊಟದ ಮೇಜಿನ ಮೇಲೆ ಎಮರ್ಜೆನ್ಸಿ ಲೈಟು, ಅದರ ಸುತ್ತ ಐದು ಜನ, ಒಂದು ತಟ್ಟೆ ಬಾಳೆಕಾಯಿ ಚಿಪ್ಸು, ದಾಳಗಳು. ಆಟದೊಳಗೆ ನಾವು ಒಂದು ಗುಹೆಯಲ್ಲಿದ್ದೆವು. ಎದುರಿಗೆ ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸರು ಹನ್ನೆರಡು.

ವಿಝರ್ಡ್‌ ಸರದಿ ಬಂತು. ಅದನ್ನು ಆಡುವ ಹುಡುಗಿ ನಕ್ಷೆ ನೋಡಿದಳು, ಬೆರಳಲ್ಲಿ ಅಡಿ ಎಣಿಸಿದಳು, ಮಂತ್ರದ ಪಟ್ಟಿ ತಿರುವಿದಳು, ಮತ್ತೆ ನಕ್ಷೆ ನೋಡಿದಳು. ಫೈಟರ್ ಆಡುವ ಗೆಳೆಯ ಕುರ್ಚಿ ಹಿಂದೆ ತಳ್ಳಿ ಎದ್ದ.

"ಕಾಫಿ ಇಡ್ತೀನಿ ಮಾರಾಯ. ನನ್ನ ಸರದಿ ಬಂದ್ರೆ ಕೂಗು. ಹೆಂಗೂ ನಾನು ಮಾಡೋದು ಒಂದೇ. ಹೊಡೀತೀನಿ ಅಂತ ಬರ್ಕೊ."

ಅವನು ಲೋಟ ಹಿಡಿದು ವಾಪಸ್ ಬರುವಷ್ಟರಲ್ಲಿ ಒಂಬತ್ತು ಗಾಬ್ಲಿನ್‌ಗಳು ಸುಟ್ಟು ಬೂದಿಯಾಗಿದ್ದವು. ಉಳಿದ ಮೂರರಲ್ಲಿ ಒಂದನ್ನು ಅವನು ಹೊಡೆದ. ಅಷ್ಟೇ ಅವತ್ತಿನ ಅವನ ಆಟ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವುದು ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವ ಕಥೆಯ ಆಟ. ಒಬ್ಬರು ಕಥೆ ನಡೆಸುತ್ತಾರೆ. ಅವರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಯಕ್ಷಗಾನದ ಭಾಗವತರನ್ನು ನೆನಪಿಸಿಕೊಂಡರೆ ಸಾಕು. ಆದರೆ ಭಾಗವತರಿಗೆ ಪ್ರಸಂಗದ ಕೊನೆ ಗೊತ್ತಿರುತ್ತದೆ, ಡಿಎಂಗೆ ಅದೂ ಗೊತ್ತಿರುವುದಿಲ್ಲ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಏನು ಮಾಡುತ್ತೇನೆ ಅಂತ ಆಟಗಾರ ಹೇಳುತ್ತಾನೆ, ಆಗುತ್ತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ ಒಂದು ಕಸುಬು. ಅದಕ್ಕೆ ಕ್ಲಾಸ್ ಅಂತ ಹೆಸರು. ಕತ್ತಿ ಹಿಡಿಯುವವನು ಫೈಟರ್, ಮಂತ್ರ ಹಾಕುವವನು ವಿಝರ್ಡ್, ಗಾಯ ವಾಸಿ ಮಾಡುವವನು ಕ್ಲೆರಿಕ್, ಬೀಗ ತೆಗೆಯುವ ಕಳ್ಳ ರೋಗ್.

ನಮ್ಮ ಫೈಟರ್‌ಗೆ ಸಿದ್ದಾಪುರದ ಹತ್ತಿರ ಕಾಫಿ ತೋಟ ಇದೆ. ವಿಝರ್ಡ್ ಪೊನ್ನಂಪೇಟೆಯಲ್ಲಿ ಓದುತ್ತಿರುವ ಹುಡುಗಿ. ಕ್ಲೆರಿಕ್ ಒಬ್ಬರು ನಿವೃತ್ತ ಮೇಷ್ಟ್ರು. ರೋಗ್ ಆಡುವವನು ಬ್ಯಾಂಕ್ ನೌಕರ. ಬ್ಯಾಂಕು, ಕಳ್ಳ ಅನ್ನುವ ಆ ಜೋಡಿಯ ಮೇಲೆ ಎಷ್ಟು ತಮಾಷೆ ಮಾಡಿದ್ದೇವೋ ಲೆಕ್ಕವಿಲ್ಲ. ಡಿಎಂ ನಾನು.

2024ರ ಸೆಪ್ಟೆಂಬರ್‌ನಲ್ಲಿ ಈ ಆಟದ ಪರಿಷ್ಕರಿಸಿದ ಆಟಗಾರರ ಕೈಪಿಡಿ ಬಂತು. ಅದರ ಜೊತೆಗೆ ಒಂದು ಹಳೇ ಜಗಳ ಹೊಸದಾಗಿ ಎದ್ದಿತು. ಕತ್ತಿಯವರಿಗೂ ಮಂತ್ರದವರಿಗೂ ಇರುವ ಅಂತರ ಈಗಲಾದರೂ ಕಡಿಮೆ ಆಯ್ತಾ? ನನ್ನ ಉತ್ತರ: ಸ್ವಲ್ಪ ಆಯ್ತು. ಆದರೆ ಆ ಅಂತರದಲ್ಲಿ ಒಂದು ದೊಡ್ಡ ಪಾಲು ಪುಸ್ತಕದೊಳಗೆ ಇಲ್ಲವೇ ಇಲ್ಲ. ಅದು ಆಟ ಆಡುವ ಮನೆಯ ಗಡಿಯಾರದಲ್ಲಿದೆ. ನಮ್ಮ ಮನೆಯಲ್ಲಂತೂ ಅದಕ್ಕೆ ಆನೆಗಳೂ ಕಾರಣ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಮೂರು ಪುಟ್ಟ ಪುಸ್ತಕಗಳಾಗಿ ತಂದಾಗ ಇದ್ದ ಕ್ಲಾಸುಗಳು ಮೂರೇ: ಕತ್ತಿಯವನು, ಮಂತ್ರದವನು, ಕ್ಲೆರಿಕ್. ಕಳ್ಳ ಬಂದದ್ದು ಮರುವರ್ಷ. ಇವರೆಲ್ಲ ಯಾವಾಗಲೂ ಸರಿಸಮ ಇರಬೇಕು ಅನ್ನುವ ಯೋಚನೆಯೇ ಆಗ ಇರಲಿಲ್ಲ. ಸಮತೋಲವನ್ನು ಕಾಲದ ಮೇಲೆ ಹಾಕಿದ್ದರು. 1981ರ ಬೇಸಿಕ್ ಆವೃತ್ತಿಯಲ್ಲಿ ಒಂದನೇ ಲೆವೆಲ್‌ನ, ಅಂದರೆ ಪಾತ್ರ ಬೆಳೆಯುವ ಮೊದಲ ಮೆಟ್ಟಿಲಿನ, ಮಂತ್ರದವನಿಗೆ ಇದ್ದ ಜೀವ ನಾಲ್ಕು ಮುಖದ ಒಂದು ದಾಳ ಉರುಳಿಸಿ ಬಂದಷ್ಟು. ಮಂತ್ರ ದಿನಕ್ಕೆ ಒಂದು. ಅದನ್ನು ಹಾಕಿ ಮುಗಿದ ಮೇಲೆ ಅವನು ಉದ್ದ ಅಂಗಿ ಹಾಕಿಕೊಂಡ ಬಡಪಾಯಿ. ಬೆಕ್ಕು ಪರಚಿದರೆ ಸತ್ತ.

ಮೇಲಕ್ಕೆ ಹತ್ತುವ ಬೆಲೆಯೂ ಒಬ್ಬೊಬ್ಬರಿಗೆ ಒಂದೊಂದು. ಎರಡನೇ ಲೆವೆಲ್ ಮುಟ್ಟಲು ಕಳ್ಳನಿಗೆ 1,200 ಅನುಭವದ ಅಂಕ ಸಾಕು. ಕ್ಲೆರಿಕ್‌ಗೆ 1,500, ಫೈಟರ್‌ಗೆ 2,000, ಮಂತ್ರದವನಿಗೆ 2,500 ಬೇಕು. ಕತ್ತಿ, ಮಂತ್ರ ಎರಡೂ ಬರುವ ಎಲ್ಫ್‌ಗೆ 4,000. ಲೆಕ್ಕ ಸರಳ: ಜಾಸ್ತಿ ಸಿಗೋದಾದರೆ ಜಾಸ್ತಿ ಕಾಯಬೇಕು.

ತೋಟ ಇರುವವರಿಗೆ ಇದು ಹೊಸ ಮಾತಲ್ಲ. ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಗೊಬ್ಬರ ಹಾಕಿ ಕಳೆ ತೆಗೆದು ಕಾದರೆ ಫಸಲು. ಕಾಯುವವನಿಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ತೊಂದರೆ ಏನಪ್ಪಾ ಅಂದರೆ ಈ ಆಟದಲ್ಲಿ ಬಹಳ ಜನ ಫಸಲಿನ ತನಕ ಉಳಿಯುವುದಿಲ್ಲ. ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ, ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬನಿಗೆ ಮದುವೆ. ಆಟ ನಿಂತಿತು. ಕಾಯುವಿಕೆಯಷ್ಟೇ ಮಂತ್ರದವನ ಪಾಲಿಗೆ ಬಂತು. ಇಲ್ಲವೇ ಉಲ್ಟಾ, ಆಟವನ್ನು ಶುರು ಮಾಡಿದ್ದೇ ಎಂಟನೇ ಲೆವೆಲ್‌ನಿಂದ. ಆಗ ಅವನು ಕಾಯಲೇ ಇಲ್ಲ, ಫಸಲು ಮಾತ್ರ ಕೊಯ್ದ.

ಹಳೇ ಆಟದಲ್ಲಿ ಇನ್ನೊಂದು ಸಂಗತಿ ಇತ್ತು. ಅದು ಹೋದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. 1978ರ ಕೈಪಿಡಿಯ ಪ್ರಕಾರ ಫೈಟರ್ ಒಂಬತ್ತನೇ ಲೆವೆಲ್ ಮುಟ್ಟಿ ಕೋಟೆ ಕಟ್ಟಿದರೆ ಅವನ ಹಿಂದೆ ಸೈನಿಕರು ತಾವಾಗಿಯೇ ಬಂದು ಸೇರುತ್ತಿದ್ದರು. ಅಂದರೆ ಅವನು ಪಾಳೆಗಾರ ಆಗುತ್ತಿದ್ದ. ನೆಲ ಅವನದು, ತೆರಿಗೆ ಅವನದು, ಕರೆದರೆ ಬರುವ ಜನ ಅವನವರು. ವಿಝರ್ಡ್ ಬೆಂಕಿ ಉಂಡೆ ಎಸೆಯಲಿ ಬಿಡಿ, ಊರು ಮಾತು ಕೇಳೋದು ಯಾರದ್ದು? ಕತ್ತಿಯವನ ದೊಡ್ಡಸ್ತಿಕೆ ಕತ್ತಿಯ ಆಚೆಗೂ ಇತ್ತು.

2000ದಲ್ಲಿ ಮೂರನೇ ಆವೃತ್ತಿ ಬಂತು. ಎಲ್ಲರಿಗೂ ಒಂದೇ ಅನುಭವದ ಪಟ್ಟಿ. ನೋಡೋಕೆ ಅದು ಸಮಾನತೆ. ಆದರೆ ಫೈಟರ್‌ನ ಕೋಟೆ, ಸೈನಿಕರು ಅವನ ಕ್ಲಾಸಿನ ಹಕ್ಕಾಗಿ ಉಳಿಯಲಿಲ್ಲ, ವಿಝರ್ಡ್‌ನ ಮಂತ್ರಗಳು ಮಾತ್ರ ಹಾಗೇ ಉಳಿದವು. ತಕ್ಕಡಿಯ ಒಂದು ಕಡೆಯಿಂದ ಕಲ್ಲು ತೆಗೆದು ಎರಡೂ ಕಡೆ ಸಮ ಅಂದ ಹಾಗಾಯಿತು. ಆಟಗಾರರ ನಡುವೆ ಒಂದು ಮಾತು ಆಗ ತುಂಬಾ ಓಡಾಡಿತು: ಫೈಟರ್ ಬೆಳೆಯೋದು ನೇರ ಗೆರೆಯಲ್ಲಿ, ವಿಝರ್ಡ್ ಬೆಳೆಯೋದು ವರ್ಗಸಂಖ್ಯೆಯಲ್ಲಿ. ಫೈಟರ್‌ಗೆ ಲೆವೆಲ್ ಏರಿದರೆ ಹೊಡೆತ ಸ್ವಲ್ಪ ಜಾಸ್ತಿ ಆಗುತ್ತದೆ. ವಿಝರ್ಡ್‌ಗೆ ಮಂತ್ರಗಳ ಸಂಖ್ಯೆ ಏರುತ್ತದೆ, ಒಂದೊಂದರ ಬಲ ಏರುತ್ತದೆ, ಯಾವ ಯಾವ ಕೆಲಸಕ್ಕೆ ಮಂತ್ರ ಇದೆ ಅನ್ನುವ ಪಟ್ಟಿಯೂ ಉದ್ದವಾಗುತ್ತದೆ. ಮೂರೂ ಒಟ್ಟಿಗೆ.

ಹಾಗಾದರೆ ವಿಝರ್ಡ್‌ಗೆ ಲಗಾಮು ಯಾವುದು? ಇಲ್ಲಿ ನನಗೆ ಕರ್ಣ ನೆನಪಾಗುತ್ತಾನೆ. ಇಂದ್ರ ಕೊಟ್ಟ ಶಕ್ತ್ಯಾಯುಧ ಅವನ ಹತ್ತಿರ ಇತ್ತು. ಒಂದೇ ಸಲ ಬಿಡಬಹುದು, ಬಿಟ್ಟರೆ ತಪ್ಪುವುದಿಲ್ಲ. ಅರ್ಜುನನಿಗೆ ಅಂತ ಎತ್ತಿಟ್ಟಿದ್ದ. ಕೃಷ್ಣ ಏನು ಮಾಡಿದ? ಆಯುಧವನ್ನು ಕಿತ್ತುಕೊಳ್ಳಲಿಲ್ಲ, ಅದರ ಬಲ ಕುಗ್ಗಿಸಲೂ ಇಲ್ಲ. ರಾತ್ರಿ ಯುದ್ಧಕ್ಕೆ ಘಟೋತ್ಕಚನನ್ನು ಕಳಿಸಿದ. ಕರ್ಣ ಅವನ ಮೇಲೆ ಆ ಆಯುಧ ಖರ್ಚು ಮಾಡಲೇಬೇಕಾಯಿತು. ಮರುದಿನದಿಂದ ಅರ್ಜುನನ ಎದುರು ನಿಂತವನು ಬೇರೆಯೇ ಕರ್ಣ.

ಡಿಎಂ ಮಾಡಬೇಕಾದ ಕೆಲಸ ಇದೇ. ವಿಝರ್ಡ್‌ ಎದುರಿಗೆ ದಿನಕ್ಕೆ ಎಷ್ಟು ಘಟೋತ್ಕಚರನ್ನು ಕಳಿಸುತ್ತೀರಿ ಅನ್ನುವುದರ ಮೇಲೆ ಫೈಟರ್‌ನ ಬೆಲೆ ನಿಂತಿದೆ.

ಇದನ್ನು ಅಂಕಿಯಲ್ಲೇ ನೋಡೋಣ. 2014ರ ಐದನೇ ಆವೃತ್ತಿ, ಐದನೇ ಲೆವೆಲ್. ಫೈಟರ್‌ನ ಕೈಯಲ್ಲಿ ಎರಡು ಕೈಯಿಂದ ಬೀಸುವ ದೊಡ್ಡ ಕತ್ತಿ. ಒಂದು ಏಟಿಗೆ ಸರಾಸರಿ 11 ಪೆಟ್ಟು (ಅಂದರೆ ಎದುರಿನವನ ಜೀವದಲ್ಲಿ ಕಳೆಯುವ ಅಂಕ), ಒಂದು ಸರದಿಗೆ ಎರಡು ಏಟು. ನೂರರಲ್ಲಿ 65 ಸಲ ತಾಗುತ್ತದೆ ಅಂದುಕೊಂಡರೆ ಸರದಿಗೆ ಸುಮಾರು 14 ಪೆಟ್ಟು. ವಿಝರ್ಡ್‌ ಹತ್ತಿರ ಫೈರ್‌ಬಾಲ್ ಇದೆ. ಆರು ಮುಖದ ಎಂಟು ದಾಳ, ಸರಾಸರಿ 28. ತಪ್ಪಿಸಿಕೊಂಡವರಿಗೆ ಅರ್ಧ. ಇಬ್ಬರಲ್ಲಿ ಒಬ್ಬರು ತಪ್ಪಿಸಿಕೊಂಡರೆ ತಲೆಗೆ 21. ಇಪ್ಪತ್ತು ಅಡಿ ತ್ರಿಜ್ಯದ ಬೆಂಕಿಯೊಳಗೆ ಮೂವರು ಸಿಕ್ಕರೆ ಒಂದೇ ಸರದಿಗೆ 63.

ಈಗ ಒಂದು ದಿನಕ್ಕೆ ಒಂದೇ ಕಾಳಗ, ಮೂರು ಸುತ್ತು ಅನ್ನಿ. ಸುತ್ತಿಗೆ ಒಬ್ಬೊಬ್ಬರಿಗೆ ಒಂದು ಸರದಿ. ಫೈಟರ್ ತನ್ನ ಹೆಚ್ಚುವರಿ ಸರದಿಯನ್ನೂ ಬಳಸಿ ಸುಮಾರು 57 ಪೆಟ್ಟು ಕೊಡುತ್ತಾನೆ. ವಿಝರ್ಡ್ ಎರಡು ಫೈರ್‌ಬಾಲ್, ಒಂದು ಚಿಕ್ಕ ಬೆಂಕಿ ಮಂತ್ರ ಹಾಕಿ 140 ಕೊಡುತ್ತಾಳೆ. ಎರಡೂವರೆ ಪಟ್ಟು.

ಅದೇ ದಿನ ಆರು ಕಾಳಗ, ಒಟ್ಟು ಹದಿನೆಂಟು ಸುತ್ತು, ಮಧ್ಯೆ ಎರಡು ಸಲ ಒಂದೊಂದು ಗಂಟೆ ವಿಶ್ರಾಂತಿ, ಅಂದರೆ ಶಾರ್ಟ್ ರೆಸ್ಟ್. ಫೈಟರ್ ಸುಮಾರು 300. ವಿಝರ್ಡ್‌ಗೆ ವಿಶ್ರಾಂತಿಯಲ್ಲಿ ಒಂದು ಫೈರ್‌ಬಾಲ್ ವಾಪಸ್ ಸಿಕ್ಕರೂ, ಒಟ್ಟು ಹತ್ತು ಮಂತ್ರ ಮುಗಿದ ಮೇಲೆ ಉಳಿದ ಎಂಟು ಸುತ್ತಿಗೆ ಪುಕ್ಕಟೆ ಸಿಗುವ ಸಣ್ಣ ಕಿಡಿಯೇ ಗತಿ. ಎಲ್ಲ ಸೇರಿ ಸುಮಾರು 330. ನಡುವೆ ಇರುವ ಅಂತರ ಹತ್ತರಲ್ಲಿ ಒಂದು ಪಾಲು. ಅದೂ ಪ್ರತಿ ಫೈರ್‌ಬಾಲ್‌ಗೆ ಮೂವರು ಸಿಕ್ಕಿದರೆ. ಮೇಲಾಗಿ ಏಟು ತಿಂದು ನಿಲ್ಲುವ ತಾಕತ್ತು ಫೈಟರ್‌ಗೇ ಜಾಸ್ತಿ.

ಅದೇ ಪುಸ್ತಕ, ಅವೇ ಪಾತ್ರಗಳು. ಬದಲಾದದ್ದು ಎರಡು ನಿದ್ದೆಗಳ ನಡುವಿನ ಕಾಳಗಗಳ ಸಂಖ್ಯೆ ಮಾತ್ರ. ಯಾಕೆಂದರೆ ಎಂಟು ಗಂಟೆ ಮಲಗಿ ಎದ್ದರೆ ವಿಝರ್ಡ್‌ನ ಮಂತ್ರಗಳೆಲ್ಲ ವಾಪಸ್ ಬರುತ್ತವೆ. ಇದಕ್ಕೆ ಲಾಂಗ್ ರೆಸ್ಟ್ ಅನ್ನುತ್ತಾರೆ. 2014ರ ಡಿಎಂ ಕೈಪಿಡಿ ಇದನ್ನು ಬಾಯಿಬಿಟ್ಟು ಹೇಳಿತ್ತು: ಒಂದು ದಿನಕ್ಕೆ ಮಧ್ಯಮದಿಂದ ಕಷ್ಟದ ಮಟ್ಟದ ಆರರಿಂದ ಎಂಟು ಮುಖಾಮುಖಿಗಳನ್ನು ತಂಡ ತಾಳುತ್ತದೆ ಅಂತ. ಆ ಸಾಲನ್ನು ಓದಿದವರು ಕಡಿಮೆ. ಓದಿ ಪಾಲಿಸಿದವರು ಇನ್ನೂ ಕಡಿಮೆ. ನಾನು ಓದಿದ್ದೆ, ಪಾಲಿಸಿರಲಿಲ್ಲ.

ಈಗ ಆನೆಗಳ ವಿಷಯ. ಸಿದ್ದಾಪುರದ ಕಡೆ ಸಂಜೆ ಆದಮೇಲೆ ತೋಟದ ದಾರಿಯಲ್ಲಿ ಆನೆ ನಿಂತಿರುವುದು ಮಾಮೂಲು. ಹಾಗಾಗಿ ನಮ್ಮ ಫೈಟರ್ ಐದು ಗಂಟೆಗೆ ಇಲ್ಲಿಂದ ಹೊರಡಲೇಬೇಕು. ಹುಡುಗಿಗೂ ಬಸ್ಸಿನ ಚಿಂತೆ. ಊಟ ಮುಗಿಸಿ ಎರಡಕ್ಕೆ ಕೂತರೆ ನಮಗೆ ಸಿಗೋದು ಮೂರು ಗಂಟೆ. ಅದರಲ್ಲಿ ಅರ್ಧ ಗಂಟೆ ಕಾಫಿ ರೇಟು, ಹದಿನೈದು ನಿಮಿಷ ಮಳೆ ಎಷ್ಟು ಇಂಚು ಬಿತ್ತು ಅನ್ನುವ ಮಾತು. ಉಳಿದದ್ದರಲ್ಲಿ ಒಂದು ಕಾಳಗ ಮುಗಿದರೆ ಪುಣ್ಯ. ಐದಕ್ಕೆ ಎಲ್ಲರೂ ಎದ್ದಾಗ ನಾನು ಹೇಳುತ್ತಿದ್ದೆ, "ಸರಿ, ನೀವೆಲ್ಲ ಅಲ್ಲೇ ಮಲಗಿದ್ರಿ. ಮುಂದಿನ ವಾರ ಬೆಳಿಗ್ಗೆಯಿಂದ ಶುರು."

ಈ ಒಂದು ಸಾಲು ಸಾಕಿತ್ತು. ನಮ್ಮ ಆಟದಲ್ಲಿ ಪ್ರತಿ ಭಾನುವಾರ ಒಂದು ದಿನ, ಪ್ರತಿ ದಿನ ಒಂದು ಕಾಳಗ. ವಿಝರ್ಡ್‌ನ ಟ್ಯಾಂಕ್ ಯಾವಾಗಲೂ ಫುಲ್. ಎರಡು ವರ್ಷ ನಾನೇ ಫೈಟರ್‌ನ ಬೆಲೆ ಕಳೆದೆ, ಆಮೇಲೆ ಪುಸ್ತಕ ಸರಿಯಿಲ್ಲ ಅಂತ ಗೊಣಗಿದೆ. ಇದು ನಮ್ಮೊಬ್ಬರ ಕಥೆ ಆಗಿರಲಿಕ್ಕಿಲ್ಲ. ಕೆಲಸ, ಸಂಸಾರ ಇರುವ ಯಾರಿಗೇ ಆಗಲಿ ಸಿಗೋದು ಎರಡು ಮೂರು ಗಂಟೆ. ಎಂಟು ಕಾಳಗದ ದಿನಕ್ಕೆ ಹೊಲಿದ ಅಂಗಿಯನ್ನು ಒಂದು ಕಾಳಗದ ದಿನಕ್ಕೆ ಹಾಕಿಕೊಂಡರೆ ಜೋಲು ಬೀಳದೆ ಇನ್ನೇನಾಗುತ್ತೆ ಹೇಳಿ.

ಆಟಗಾರರೂ ಬುದ್ಧಿವಂತರೇ. ಮಂತ್ರಗಳಿಗೂ ಹಂತಗಳಿವೆ; ಮೂರನೇ ಹಂತದಲ್ಲಿ ಒಂದು ಗುಡಿಸಲಿನ ಮಂತ್ರ ಇದೆ. ಹತ್ತು ಅಡಿ ತ್ರಿಜ್ಯದ ಗುಮ್ಮಟ, ಎಂಟು ಗಂಟೆ ಇರುತ್ತದೆ, ಒಳಗೆ ಒಣಗಿದ ಬೆಚ್ಚನೆ ಜಾಗ, ಹೊರಗಿನವರು ಬರುವಂತಿಲ್ಲ. ನಿಧಾನವಾಗಿ ವಿಧಿಪೂರ್ವಕ ಹಾಕಿದರೆ ಮಂತ್ರದ ಖರ್ಚೂ ಇಲ್ಲ. ರಾಕ್ಷಸರ ಗುಹೆ ನಡುವೆ ಅದನ್ನು ಹಾಕಿ ಮಲಗಿ, ಎದ್ದು ಮತ್ತೆ ಫೈರ್‌ಬಾಲ್ ಹಾಕಬಹುದು. (ಮಡಿಕೇರಿ ಮಳೆಗಾಲದಲ್ಲಿ ಅಂಥ ಒಂದು ಗುಡಿಸಲು ನನಗೂ ಬೇಕು. ಬಟ್ಟೆ ಒಣಗಿಸಲಿಕ್ಕಾದರೂ.)

ಇಷ್ಟಕ್ಕೇ ಮುಗಿದಿದ್ದರೆ ಕಾಳಗ ಜಾಸ್ತಿ ಮಾಡಿ, ನಿದ್ದೆ ಕಡಿಮೆ ಮಾಡಿ ಅಂತ ಬರೆದು ನಿಲ್ಲಿಸಬಹುದಿತ್ತು. ಪೆಟ್ಟಿನ ಲೆಕ್ಕ ಸರಿಮಾಡೋದು ಸುಲಭ. ಕಷ್ಟ ಇರೋದು ಕಾಳಗದ ಹೊರಗೆ.

ಹೋದ ವರ್ಷ ನಮ್ಮ ಕಥೆಯಲ್ಲಿ ಒಂದು ಹೊಳೆ ಬಂತು. ಭಾಗಮಂಡಲದಲ್ಲಿ ಸಂಗಮ ಮುಳುಗಿದಾಗ ಕಾಣುತ್ತದಲ್ಲ, ಹಾಗೆ ಕೆಂಪು ನೀರು, ದಡ ಎಲ್ಲಿ ಅಂತ ಗೊತ್ತಾಗದ ಹೊಳೆ. ಆಚೆ ದಾಟಬೇಕು. ನಮ್ಮ ಫೈಟರ್ ಅವತ್ತು ಕುರ್ಚಿಯ ತುದಿಗೆ ಬಂದು ಕೂತ. ಯಾವ ಮರ ಕಡಿದರೆ ಯಾವ ಕಡೆ ಬೀಳುತ್ತೆ, ಹಗ್ಗ ಎಲ್ಲಿ ಕಟ್ಟಬೇಕು, ನೀರಿನ ಸೆಳೆತಕ್ಕೆ ಎದುರಾಗಿ ಹೋಗದೆ ಓರೆಯಾಗಿ ಯಾಕೆ ಹೋಗಬೇಕು, ಮೊದಲು ಯಾರು, ಕೊನೆಗೆ ಯಾರು. ಅದೆಲ್ಲ ಅವನಿಗೆ ನಿಜವಾಗಿ ಗೊತ್ತು. ತೋಟದ ತೋಡು ತುಂಬಿ ಹರಿಯುವಾಗ ದಾಟಿದವನು ಅವನು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಕೇಳುತ್ತಿದ್ದರು. ಹತ್ತು ನಿಮಿಷ ಚೆನ್ನಾಗಿ ನಡೆಯಿತು.

ಆಗ ಹುಡುಗಿ ಪಾಪ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದಳು, "ಅಣ್ಣಾ, ನಾನು ಫ್ಲೈ ಹಾಕ್ಕೊಂಡು ಹಗ್ಗ ಆಚೆ ಕಟ್ಟಿ ಬರ್ಲಾ?"

ಅವನು ಒಂದು ಕ್ಷಣ ಸುಮ್ಮನಿದ್ದ. "ಹ್ಞಾ, ಅದೇ ಸುಲಭ," ಅಂದ. ಮತ್ತೆ ಹಿಂದಕ್ಕೆ ಒರಗಿಕೊಂಡ.

ಈ ಹೊಳೆಯ ಸಮಸ್ಯೆಗೆ ಪೆಟ್ಟಿನ ಲೆಕ್ಕದಲ್ಲಿ ಉತ್ತರ ಇಲ್ಲ. ಹಾರುವ ಫ್ಲೈ ಮಂತ್ರ ಫೈರ್‌ಬಾಲ್‌ನಂತೆಯೇ ಮೂರನೇ ಹಂತದ್ದು, ಹತ್ತು ನಿಮಿಷ ಇರುತ್ತದೆ. ಅಂದರೆ ಅವಳು ಒಂದು ಫೈರ್‌ಬಾಲ್ ಬಿಟ್ಟುಕೊಟ್ಟಳು. ಕಾಳಗಗಳು ಮುಂದೆ ಕಾದಿದ್ದರೆ ಅದು ನಿಜವಾದ ಬೆಲೆ. ಅವತ್ತು ಬೇರೆ ಕಾಳಗ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಗಂಟೆ ನಾಲ್ಕೂ ಮುಕ್ಕಾಲು. ಹಾಗಾಗಿ ಅದು ಪುಕ್ಕಟೆ. ನೋಡಿ, ಸುತ್ತಿ ಬಂದರೂ ಮತ್ತೆ ಅದೇ ಗಡಿಯಾರದ ಮುಂದೆ ನಿಂತೆವು.

ಆದರೂ ಮಂತ್ರಗಳನ್ನು ಬರೆಯುವ ರೀತಿಯಲ್ಲೂ ವ್ಯತ್ಯಾಸ ಇದೆ. ನಾಕ್ ಅನ್ನುವ ಮಂತ್ರ ಬೀಗ ತೆಗೆಯುತ್ತದೆ, ಸರಿ. ಆದರೆ ತೆಗೆಯುವಾಗ 300 ಅಡಿ ದೂರಕ್ಕೆ ಕೇಳುವ ಸದ್ದು ಮಾಡುತ್ತದೆ. ಹಾಗಾಗಿ ಸದ್ದಿಲ್ಲದೆ ಬೀಗ ತೆಗೆಯುವ ರೋಗ್‌ಗೆ ಇನ್ನೂ ಕೆಲಸ ಇದೆ. ಬರೆದವರು ಯೋಚಿಸಿ ಬರೆದಿದ್ದಾರೆ. ಗುಡ್‌ಬೆರಿ ಹಾಗಲ್ಲ. ಒಂದನೇ ಹಂತದ ಮಂತ್ರ, ಹತ್ತು ಹಣ್ಣು ಕೊಡುತ್ತದೆ, ಒಂದು ಹಣ್ಣು ತಿಂದರೆ ಒಂದು ದಿನದ ಊಟ. ಕಾಡಿನಲ್ಲಿ ಗೆಡ್ಡೆ, ಕಳಲೆ, ಜೇನು ಹುಡುಕಿ ತಂಡವನ್ನು ಸಾಕುವ ಆಟವೇ ಅಲ್ಲಿಗೆ ಮುಗಿಯಿತು. ಕೊಡಗಿನವರಿಗೆ ಇದು ಸ್ವಲ್ಪ ಜಾಸ್ತಿಯೇ ನೋಯುತ್ತದೆ.

2008ರಲ್ಲಿ ನಾಲ್ಕನೇ ಆವೃತ್ತಿ ಈ ಗಂಟನ್ನು ಒಂದೇ ಏಟಿಗೆ ಕತ್ತರಿಸಲು ನೋಡಿತು. ಎಲ್ಲ ಕ್ಲಾಸಿಗೂ ಒಂದೇ ಅಚ್ಚು. ಯಾವಾಗಲೂ ಬಳಸುವ ಶಕ್ತಿ ಇಷ್ಟು, ಕಾಳಗಕ್ಕೊಮ್ಮೆ ಬಳಸುವುದು ಇಷ್ಟು, ದಿನಕ್ಕೊಮ್ಮೆ ಬಳಸುವುದು ಇಷ್ಟು. ಫೈಟರ್‌ಗೂ ಹಾಗೇ, ವಿಝರ್ಡ್‌ಗೂ ಹಾಗೇ. ದಿನ ಉದ್ದ ಇರಲಿ, ಚಿಕ್ಕದಿರಲಿ, ತಕ್ಕಡಿ ಅಷ್ಟಾಗಿ ವಾಲುತ್ತಿರಲಿಲ್ಲ. ಅಂಕಿಯಲ್ಲಿ ಅದು ಈ ಆಟದ ಅತ್ಯಂತ ಸಮತೋಲದ ಆವೃತ್ತಿ ಅಂತ ನನ್ನ ಅಭಿಪ್ರಾಯ. ಆದರೆ ತುಂಬಾ ಜನಕ್ಕೆ ಹಿಡಿಸಲಿಲ್ಲ. ಎಲ್ಲರೂ ಒಂದೇ ಥರ ಅನ್ನಿಸುತ್ತೆ ಅನ್ನುವುದು ದೂರು. ಹಳೇ ಮೂರೂವರೆ ಆವೃತ್ತಿಯ ಜಾಡಿನಲ್ಲೇ 2009ರಲ್ಲಿ ಪಾಥ್‌ಫೈಂಡರ್ ಅನ್ನುವ ಬೇರೆ ಆಟ ಬಂತು, ಬೇಕಾದಷ್ಟು ಜನ ಅತ್ತ ಹೋದರು. ಅಂದರೆ ಸಮತೋಲ ಇಲ್ಲ ಅಂತ ಜಗಳ ಆಡಿದವರಲ್ಲೇ ಕೆಲವರು ಅದು ಸಿಕ್ಕಾಗ ಬೇಡ ಅಂದರು. ಅವರನ್ನು ನಾನು ದೂರುವುದಿಲ್ಲ. ಪಂದಿ ಕರಿಗೂ ಕೋಳಿ ಸಾರಿಗೂ ಒಂದೇ ಮಸಾಲೆ ಹಾಕಿದರೆ ಯಾರು ತಿಂತಾರೆ?

ಅದೇ ಪಾಥ್‌ಫೈಂಡರ್‌ನ ಎರಡನೇ ಆವೃತ್ತಿ 2019ರಲ್ಲಿ ಬೇರೆ ದಾರಿ ಹಿಡಿಯಿತು. ಪ್ರತಿಯೊಬ್ಬರಿಗೂ ಸರದಿಗೆ ಮೂರು ಕ್ರಿಯೆ; ಹೆಚ್ಚಿನ ಮಂತ್ರಗಳು ಅದರಲ್ಲಿ ಎರಡನ್ನು ನುಂಗುತ್ತವೆ. ಬಿಗಿಯಾದ ಲೆಕ್ಕದ ಆಟ ಅದು. ನಮ್ಮ ಮೇಷ್ಟ್ರಿಗೆ ತುಂಬಾ ಇಷ್ಟ, ಉಳಿದವರಿಗೆ ಲೆಕ್ಕ ಜಾಸ್ತಿ ಆಯ್ತು.

ನನಗೆ ಹೆಚ್ಚು ಹಿಡಿಸಿದ ಉತ್ತರ ಇನ್ನೂ ಹಳೆಯದು. 1987ರಲ್ಲಿ ಜೋನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್ ಹೇಗನ್ ತಂದ ಆರ್ಸ್ ಮ್ಯಾಜಿಕಾ ಅನ್ನುವ ಆಟ. ಅದರಲ್ಲಿ ಮಾಂತ್ರಿಕರೇ ದೊಡ್ಡವರು, ಮುಚ್ಚುಮರೆ ಇಲ್ಲ. ಆದರೆ ಒಬ್ಬೊಬ್ಬ ಆಟಗಾರನ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಪಾತ್ರ. ಒಬ್ಬ ಮಾಂತ್ರಿಕ, ಒಬ್ಬ ಜೊತೆಗಾರ, ಜೊತೆಗೆ ಎಲ್ಲರೂ ಹಂಚಿಕೊಂಡು ಆಡುವ ಕಾವಲಿನವರು. ಈ ಸಲ ನಿನ್ನ ಮಾಂತ್ರಿಕ ಹೊರಗೆ ಹೋಗಲಿ, ನಾನು ಈಟಿ ಹಿಡಿದು ಹಿಂದೆ ಬರುತ್ತೇನೆ. ಮುಂದಿನ ಸಲ ನನ್ನವನು. ಪಾತ್ರಗಳು ಸಮ ಇಲ್ಲ, ಆಟಗಾರರು ಸಮ.

ನಮ್ಮ ಕಡೆ ಹಾಕಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಒಂದು ಮನೆತನದವರೇ ಒಂದು ತಂಡ. ಹಾಗಾಗಿ ದೊಡ್ಡ ಮಟ್ಟದಲ್ಲಿ ಆಡಿದ ಹುಡುಗನ ಪಕ್ಕದಲ್ಲೇ ಅತ್ತೆಯೋ ಅಜ್ಜನೋ ಸ್ಟಿಕ್ ಹಿಡಿದು ನಿಂತಿರಬಹುದು. ಗೋಲ್‌ಕೀಪರ್‌ಗೆ ಇಡೀ ಪಂದ್ಯದಲ್ಲಿ ಚೆಂಡು ಸಿಗೋದು ಬೆರಳೆಣಿಕೆಯಷ್ಟು ಸಲ. ಹಾಗಂತ ಅವನು ಎದ್ದು ಕಾಫಿಗೆ ಹೋಗುವುದಿಲ್ಲ. ಚೆಂಡು ಅಲ್ಲಿಗೆ ಬಂದಾಗ ತಾನೇ ನಿಲ್ಲಿಸಬೇಕು, ಬೇರೆ ಯಾರಿಗೂ ಆಗುವುದಿಲ್ಲ ಅಂತ ಅವನಿಗೆ ಗೊತ್ತು. ಸೆಂಟರ್ ಫಾರ್ವರ್ಡ್ ಗೋಲೂ ಹೊಡೆದು, ಹಾರಿ ಬಂದು ಗೋಲೂ ಕಾದರೆ? ಅಲ್ಲಿ ಬೇಜಾರು ಶುರು. ಫೈರ್‌ಬಾಲ್‌ ಬಗ್ಗೆ ನನಗೆ ತಕರಾರಿಲ್ಲ. ಫೈರ್‌ಬಾಲ್, ಫ್ಲೈ, ನಾಕ್, ಗುಡಿಸಲು ನಾಲ್ಕೂ ಒಂದೇ ಪಟ್ಟಿಯಲ್ಲಿ, ಒಬ್ಬಳ ಕೈಯಲ್ಲಿ ಇರುವುದು ತಕರಾರು.

2024ರ ಪುಸ್ತಕ ಇದನ್ನು ಎಷ್ಟು ಮುಟ್ಟಿದೆ? ಕತ್ತಿಯವರಿಗೆ ವೆಪನ್ ಮಾಸ್ಟರಿ ಅಂತ ಹೊಸ ಕೈಚಳಕ ಬಂದಿದೆ. ಎಂಟು ಬಗೆ. ಒಂದು ಆಯುಧ ತಾಗಿದರೆ ಎದುರಿನವನು ಹತ್ತು ಅಡಿ ಹಿಂದಕ್ಕೆ ಹೋಗುತ್ತಾನೆ, ಇನ್ನೊಂದು ಕೆಡವಬಲ್ಲದು, ಮತ್ತೊಂದು ಗುರಿ ತಪ್ಪಿದರೂ ಸ್ವಲ್ಪ ಪೆಟ್ಟು ಕೊಡುತ್ತದೆ. ಈಗ "ಹೊಡೀತೀನಿ" ಅಂದರೆ "ಹೆಂಗೆ?" ಅಂತ ಕೇಳಬೇಕಾಗುತ್ತದೆ. ಆ ಒಂದು ಪ್ರಶ್ನೆಯೇ ದೊಡ್ಡ ಲಾಭ. ಇದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಫೈಟರ್‌ಗೆ ಎರಡನೇ ಲೆವೆಲ್‌ನಲ್ಲಿ ಸಿಗುವ ಇನ್ನೊಂದು ಸಣ್ಣ ಶಕ್ತಿ. ಮರ ಹತ್ತೋದು, ಬಾಗಿಲು ಮುರಿಯೋದು, ಮಾತಲ್ಲಿ ಒಲಿಸೋದು, ಯಾವುದರಲ್ಲೇ ಸೋತರೂ ತನ್ನ ದಮ್ಮು ಸ್ವಲ್ಪ ಖರ್ಚು ಮಾಡಿ ಹತ್ತು ಮುಖದ ದಾಳ ಒಂದನ್ನು ಸೇರಿಸಬಹುದು. ಆಗಲೂ ಸೋತರೆ ದಮ್ಮು ಖರ್ಚಾಗುವುದಿಲ್ಲ. ಕಾಳಗದ ಹೊರಗೆ ಫೈಟರ್‌ಗೆ ಅಂತ ಬರೆದ ನಿಯಮ ಇದು, ಬಹಳ ವರ್ಷದ ಮೇಲೆ.

ಮಂತ್ರಗಳಲ್ಲೂ ಕತ್ತರಿ ಆಡಿದೆ. ಒಂದು ಸರದಿಗೆ ಖರ್ಚಿನ ಮಂತ್ರ ಒಂದೇ. ಎಂಟು ಪ್ರಾಣಿಗಳನ್ನು ಕರೆದು ಎಂಟೂ ಒಂದೊಂದಾಗಿ ಕಚ್ಚುವ ಮಂತ್ರ ಈಗ ಇಲ್ಲ, ಅದರ ಜಾಗದಲ್ಲಿ ಒಂದು ಮಾಯಾ ಹಿಂಡು ಬಂದಿದೆ. ಆ ಎಂಟು ತೋಳಗಳ ಕಾಟದಲ್ಲಿ ನಾನು ಕಳೆದ ಭಾನುವಾರಗಳನ್ನು ಯಾರೂ ವಾಪಸ್ ಕೊಡುವುದಿಲ್ಲ, ಇರಲಿ. ಆದರೆ ಫೈರ್‌ಬಾಲ್ ಹಾಗೇ ಇದೆ, ಎಂಟು ದಾಳ. ವಿಝರ್ಡ್‌ಗೂ ಹೊಸ ಸೌಲತ್ತು ಕೊಟ್ಟಿದ್ದಾರೆ. ಕೋಟೆ ಕಟ್ಟುವ ನಿಯಮವೂ ಬಾಸ್ಟಿಯನ್ ಅನ್ನುವ ಹೆಸರಲ್ಲಿ ವಾಪಸ್ ಬಂದಿದೆ, ಐದನೇ ಲೆವೆಲ್‌ನಿಂದ, ಎಲ್ಲರಿಗೂ. ಫೈಟರ್‌ಗೆ ಮಾತ್ರ ಕೊಟ್ಟಿದ್ದರೆ ಆಗ್ತಿರಲಿಲ್ವಾ ಅಂತ ಅನ್ನಿಸಿತು. ಮತ್ತೆ ಆ ಆರರಿಂದ ಎಂಟು ಕಾಳಗದ ಸಾಲು? ಹೊಸ ಡಿಎಂ ಪುಸ್ತಕದಲ್ಲಿ ಆ ದಿನದ ಲೆಕ್ಕ ಕೈಬಿಟ್ಟಿದ್ದಾರೆ. ಯಾರೂ ಪಾಲಿಸದ ಸಾಲು ತೆಗೆದದ್ದು ಒಂದು ಅರ್ಥದಲ್ಲಿ ಪ್ರಾಮಾಣಿಕತೆ. ಆದರೆ ರಾತ್ರಿ ನಿದ್ದೆಗೆ ಮಂತ್ರ ವಾಪಸ್ ಬರುವ ನಿಯಮ ಅಲ್ಲೇ ಇದೆ. ರಸ್ತೆಯ ತಿರುವು ಹಾಗೇ ಬಿಟ್ಟು ಬೋರ್ಡು ಮಾತ್ರ ಕಿತ್ತ ಹಾಗೆ.

ನಮ್ಮ ಮನೆಯಲ್ಲಿ ನಾನು ಮಾಡಿದ್ದು ಇಷ್ಟೇ. 2014ರ ಡಿಎಂ ಕೈಪಿಡಿಯಲ್ಲಿ ಒಂದು ಐಚ್ಛಿಕ ನಿಯಮ ಇತ್ತು. ಒಂದು ರಾತ್ರಿ ನಿದ್ದೆ ಅಂದರೆ ಶಾರ್ಟ್ ರೆಸ್ಟ್. ಏಳು ದಿನ ಆರಾಮವಾಗಿ ಕೂತರೆ ಮಾತ್ರ ಲಾಂಗ್ ರೆಸ್ಟ್. ಅದನ್ನು ಹಿಡಿದುಕೊಂಡೆ. ನಮ್ಮ ಕಥೆಯ ನಕ್ಷೆಯಲ್ಲಿ ಬೆಟ್ಟದ ಸಾಲು, ಅದರ ಬುಡದಲ್ಲಿ ಐನ್‌ಮನೆಯಂಥ (ಕೊಡವ ಮನೆತನದ ಮೂಲ ಮನೆ) ದೊಡ್ಡ ಮನೆಗಳು ಮೂರು. ಏಳು ದಿನ ಉಳಿಯಬೇಕಾದರೆ ಅಲ್ಲೇ. ಒಂದರಿಂದ ಇನ್ನೊಂದಕ್ಕೆ ಹೋಗಲು ಕಾಡು, ಜಿಗಣೆ, ನಾಲ್ಕೈದು ದಿನ, ನಾಲ್ಕೈದು ಕಾಳಗ. ಅಂದರೆ ನಾಲ್ಕೈದು ಭಾನುವಾರ. ಐದು ಗಂಟೆಗೆ ಎದ್ದರೂ, ಮುಂದಿನ ವಾರ ವಿಝರ್ಡ್‌ನ ಪಟ್ಟಿಯಲ್ಲಿ ಗೀಚಿದ್ದು ಗೀಚಿದ ಹಾಗೇ ಇರುತ್ತದೆ.

ಮೊದಲ ತಿಂಗಳು ಹುಡುಗಿ ಮುಖ ಊದಿಸಿಕೊಂಡಿದ್ದಳು. ಅವಳ ದೂರಿನಲ್ಲಿ ಒಂದು ನ್ಯಾಯ ಇತ್ತು. ಮೇಜ್ ಆರ್ಮರ್ ಅನ್ನುವ ರಕ್ಷೆಯ ಮಂತ್ರ ಎಂಟು ಗಂಟೆ ಇರುತ್ತದೆ. ಹಳೇ ಲೆಕ್ಕದಲ್ಲಿ ಅದು ಒಂದು ದಿನದ ಕಾಳಗಗಳಿಗೆಲ್ಲ ಸಾಕು. ಈಗ ಐದು ದಿನಕ್ಕೆ ಐದು ಸಲ ಹಾಕಬೇಕು, ಮಂತ್ರ ವಾಪಸ್ ಬರುವುದೇ ಇಲ್ಲ. "ಸರ್, ದಿನ ಉದ್ದ ಮಾಡಿದ್ರೆ ಮಂತ್ರಾನೂ ಉದ್ದ ಮಾಡ್ಬೇಕಲ್ವಾ?" ಅಂದಳು. ಸರಿಯಾದ ಮಾತು. ಎಂಟು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಇರುವ ಮಂತ್ರಗಳನ್ನು ಮುಂದಿನ ಐನ್‌ಮನೆ ತನಕ ಇರುವಂತೆ ಬದಲಾಯಿಸಿದೆವು. ಗುಡಿಸಲನ್ನು ಮಾತ್ರ ಬದಲಾಯಿಸಲಿಲ್ಲ.

ಈ ನಿಯಮ ಎಲ್ಲರಿಗೂ ಹೊಂದುತ್ತೆ ಅಂತ ನಾನು ಹೇಳುವುದಿಲ್ಲ. ಒಂದೇ ಕೋಟೆಯೊಳಗೆ ಒಂದೇ ರಾತ್ರಿ ನಡೆಯುವ ಕಥೆಗೆ ಇದು ಬೇಡ, ಅಲ್ಲಿ ಓಟವೇ ಲಗಾಮು. ರೋಗ್‌ಗೆ ಇದರಿಂದ ಅಂಥ ಲಾಭವೂ ಆಗಲಿಲ್ಲ. ಅವನ ದೂರು ಬಾಕಿ ಇದೆ.

ಡಿಸೆಂಬರ್ ಬಂತು, ಅರೇಬಿಕಾ ಕೊಯ್ಲು. ಆಳು ಸಿಗೋದೇ ಕಷ್ಟ, ತೋಟದವನು ಭಾನುವಾರ ಮಡಿಕೇರಿಗೆ ಬರುವ ಮಾತೇ ಇಲ್ಲ. ಅವನ ಫೈಟರ್‌ನ ಶೀಟನ್ನು ಹುಡುಗಿಯ ಕೈಗೆ ಕೊಟ್ಟೆ, ಎರಡೂ ಪಾತ್ರ ನೀನೇ ಆಡು ಅಂತ. ವಿಝರ್ಡ್‌ ಹತ್ತಿರ ಉಳಿದಿದ್ದದ್ದು ಒಂದನೇ ಹಂತದ ಒಂದು ಮಂತ್ರ. ಎದುರಿಗೆ ಕಿರಿದಾದ ಕಣಿವೆಯ ದಾರಿ, ಒಂದು ಕಡೆ ಪ್ರಪಾತ, ಆರು ಓರ್ಕ್‌ಗಳು. ಅವಳು ಫೈಟರ್‌ನ ಶೀಟನ್ನು ಎರಡು ಸಲ ತಿರುವಿದಳು.

"ಇದರಲ್ಲಿ ಹೊಡೆಯೋದು ಬಿಟ್ರೆ ಬೇರೆ ಏನಿದೆ?"

"ತಳ್ಳಬಹುದು ಅಂತ ಬರೆದಿದೆ ನೋಡು," ಅಂದರು ಮೇಷ್ಟ್ರು.

ಅವಳು ಫೋನ್ ತೆಗೆದು ತೋಟಕ್ಕೆ ಒಂದು ಮೆಸೇಜ್ ಹಾಕಿದಳು: ಅಣ್ಣಾ, ಈ ಪುಶ್ ಹೇಗೆ ಉಪಯೋಗಿಸ್ತೀರ? ಹತ್ತು ನಿಮಿಷ ಬಿಟ್ಟು ಉತ್ತರ ಬಂತು. ವಾಯ್ಸ್ ಮೆಸೇಜ್, ನಾಲ್ಕು ನಿಮಿಷದ್ದು. ಹಿಂದೆ ಪಲ್ಪರ್ ಸದ್ದು, ನಡುವೆ ಯಾರಿಗೋ ಚೀಲ ಆ ಕಡೆ ಇಡಿ ಅಂತ ಕೂಗಿದ್ದು. ಮೊದಲ ಓರ್ಕ್ ಎಲ್ಲಿ ನಿಂತಿದ್ದಾನೆ ಅಂತ ಅದರಲ್ಲಿ ಅವನು ಮೂರು ಸಲ ಕೇಳಿದ್ದ.